ಪೆಟ್ರೋಮ್ಯಾಕ್ಸ್ ಮ್ಯಾಂಟಲ್‌ಗೆ ಕನ್ನಡದಲ್ಲಿ ಏನು ಬರೆಯೋಣ? ಬೋರ್ಡಿಗೆ ಬೇಕು

ಕೊಪ್ಪಳದಿಂದ, ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಎರಡು ಪದ ಅರ್ಜೆಂಟಾಗಿ ಬೇಕು.

ನಾವು ಕೆಲವರು ಸೇರಿ ಹಳೇ ಪೆಟ್ರೋಮ್ಯಾಕ್ಸ್ ದೀಪಗಳನ್ನು ರಿಪೇರಿ ಮಾಡಿ ಮತ್ತೆ ಉರಿಸುತ್ತೇವೆ. ಗವಿಮಠದ ಜಾತ್ರೆ ಹೊತ್ತಿಗೆ ಒಂದು ಸಣ್ಣ ಮಳಿಗೆ ಹಾಕಿ, ಕತ್ತಲಾದ ಮೇಲೆ ಹಚ್ಚಿ ತೋರಿಸಬೇಕು ಅಂತಿದ್ದೇವೆ. ಪಕ್ಕದಲ್ಲಿ ಒಂದು ದೊಡ್ಡ ಬೋರ್ಡು. ದೀಪದ ಚಿತ್ರ, ಒಂದೊಂದು ಭಾಗಕ್ಕೂ ಗೆರೆ ಎಳೆದು ಹೆಸರು. ಪೇಂಟರ್ ಗುರುವಾರ ಬರುತ್ತಾನೆ.

ಟ್ಯಾಂಕಿ, ಪಂಪು, ಪಿನ್ನು, ಗಾಜು, ಟೊಪ್ಪಿಗೆ, ಇವಕ್ಕೆಲ್ಲ ತಕರಾರಿಲ್ಲ. ಸಿಕ್ಕಿಬಿದ್ದಿರುವುದು ಎರಡರಲ್ಲಿ. ಒಂದು, ಎಣ್ಣೆ ಕಾದು ಆವಿಯಾಗುವ ಹಿತ್ತಾಳೆಯ ನಳಿಕೆ. ಇನ್ನೊಂದು, ನಟ್ಟನಡುವೆ ತೂಗುವ ಮ್ಯಾಂಟಲ್. ನಮ್ಮ ಓಣಿಯ ಹಿರಿಯರೊಬ್ಬರು ‘ಬತ್ತಿ ಅಂತ ಬರಿ ಸಾಕು’ ಅಂದರು. ನನಗೆ ಸಮಾಧಾನ ಆಗಲಿಲ್ಲ. ಬತ್ತಿ ಎಣ್ಣೆ ಹೀರುತ್ತದೆ. ಮ್ಯಾಂಟಲ್ ಒಂದು ಹನಿ ಎಣ್ಣೆಯನ್ನೂ ಮುಟ್ಟುವುದಿಲ್ಲ. ಪಂಪು ಹೊಡೆದಾಗ ಟ್ಯಾಂಕಿಯೊಳಗೆ ಗಾಳಿಯ ಒತ್ತಡ ಏರುತ್ತದೆ, ಎಣ್ಣೆ ನಳಿಕೆಗೆ ಹತ್ತುತ್ತದೆ. ನಳಿಕೆಯನ್ನು ಮೊದಲೇ ಸ್ಪಿರಿಟ್ ಉರಿಯಲ್ಲಿ ಕಾಯಿಸಿರುತ್ತೇವೆ. ಅಲ್ಲಿ ಎಣ್ಣೆ ಆವಿಯಾಗಿ, ಸೂಜಿ ಹೋಗುವಷ್ಟು ಸಣ್ಣ ತೂತಿನಿಂದ ನುಗ್ಗಿ, ಗಾಳಿ ಜತೆ ಬೆರೆತು ಮ್ಯಾಂಟಲ್ ಒಳಗೆ ಉರಿಯುತ್ತದೆ. ಆ ಕಾವಿಗೆ ಮ್ಯಾಂಟಲ್ ಬೆಳ್ಳಗೆ ಬೆಳಗುತ್ತದೆ. ಕಂದೀಲಿಗೂ ಇದಕ್ಕೂ ಇರುವ ವ್ಯತ್ಯಾಸವೇ ಇದು. ಜಾತ್ರೆಗೆ ಬರುವ ಹುಡುಗರಿಗೆ ಅದು ಗೊತ್ತಾಗಬೇಕು ಅಂತಲೇ ಬೋರ್ಡು ಬರೆಸುತ್ತಿರುವುದು. ದಯವಿಟ್ಟು ಬೇಗ ತಿಳಿಸಿ.

ರಾಯಚೂರಿನಿಂದ:

ಬತ್ತಿ. ಇದಕ್ಕೆ ಚರ್ಚೆ ಯಾಕೆ? ಊದುಬತ್ತಿ ಯಾವ ಎಣ್ಣೆ ಹೀರುತ್ತದೆ ಹೇಳಿ. ಎಣ್ಣೆ ಹೀರಿದರೆ ಮಾತ್ರ ಬತ್ತಿ ಅನ್ನುವ ನಿಯಮ ನಿಮ್ಮದು, ಕನ್ನಡದ್ದಲ್ಲ.

ಸಿರುಗುಪ್ಪದಿಂದ:

ಬತ್ತಿ ನಮ್ಮದೇ ಅಲ್ಲ. ಸಂಸ್ಕೃತದ ‘ವರ್ತಿ’ ಸವೆದು ಬಂದದ್ದು. ಕಂದೀಲು ಅರಬ್ಬಿಯಿಂದ ಬಂತು, ಅದರ ಬುಡ ಲ್ಯಾಟಿನ್ನಿನ ‘ಕ್ಯಾಂಡೆಲಾ’. ಲಾಟೀನು, ಚಿಮಣಿ ಎರಡೂ ಇಂಗ್ಲಿಷು. ದೀಪಕ್ಕೆ ನಮ್ಮದೇ ಅಂತ ಇರುವುದು ‘ಸೊಡರು’, ‘ಸುಡು’ ಬೇರಿನಿಂದ ಹುಟ್ಟಿದ್ದು. ಅದನ್ನು ಹಳಗನ್ನಡದ ಪುಸ್ತಕದಲ್ಲಿ ಬಿಟ್ಟು ಬಂದೆವು.

ಮ್ಯಾಂಟಲ್ ಅಂದರೆ ಇಂಗ್ಲಿಷಿನಲ್ಲಿ ಮೇಲುಹೊದಿಕೆ. ಜರ್ಮನ್ನರು ಇದೇ ವಸ್ತುವಿಗೆ ‘ಹೊಳೆಯುವ ಕಾಲುಚೀಲ’ ಅನ್ನುತ್ತಾರೆ. ಫ್ರೆಂಚರ ಪದದಲ್ಲಿ ಇರುವುದು ಅಂಗಿಯ ತೋಳು. ಎಲ್ಲರೂ ಮನೆಯೊಳಗಿನ ಪದ ತೆಗೆದು ಕೊಟ್ಟಿದ್ದಾರೆ. ನಮ್ಮಲ್ಲಿ ಕೈಗವಸು ಇದೆ, ಗವಸಣಿಗೆ ಇದೆ. ಉರಿಯ ಮೇಲೆ ಹಾಕುವುದು ‘ಉರಿಗವಸು’. ಇದನ್ನೇ ಬರೆಸಿ. ನಳಿಕೆಗೆ ‘ಆವಿಗೊಳವೆ’.

ಇನ್ನೊಂದು. ಕೆಲವು ದೀಪಗಳಿಗೆ ಗಾಜಿನ ಬದಲು ಅಭ್ರಕದ ಹಾಳೆ ಇರುತ್ತದೆ. ಅಲ್ಲಿ ‘ಮೈಕಾ’ ಅಂತ ಬರೆಸಿಬಿಡಬೇಡಿ. ‘ಕಾಗೆಬಂಗಾರ’ ಅನ್ನುವಂಥ ಪದ ಇಟ್ಟುಕೊಂಡ ಜನ ನಾವು.

ರಾಯಚೂರಿನಿಂದ:

ಕೈಗವಸು ಕೈಯನ್ನು ಕಾಯುತ್ತದೆ. ಉರಿಗವಸು ಉರಿಯನ್ನು ಕಾಯುತ್ತದಾ? ಕೋಣೆಯಲ್ಲಿ ಕೂತು ಹೊಸೆದ ಪದ. ಅಂಗಡಿಗೆ ಹೋಗಿ ‘ಒಂದು ಉರಿಗವಸು ಕೊಡಿ’ ಅಂತ ಕೇಳಿ ನೋಡಿ.

ಬಳ್ಳಾರಿಯಿಂದ:

ಇಬ್ಬರೂ ಸ್ವಲ್ಪ ತಡೆಯಿರಿ. ಕೇಳಿದವರಿಗೆ ಗುರುವಾರದೊಳಗೆ ಉತ್ತರ ಬೇಕು.

ನಾನು ದೊಡ್ಡಾಟ ನೋಡಿಕೊಂಡು ಬೆಳೆದವನು. ಅಟ್ಟದ ಎರಡೂ ಕಡೆ ಗ್ಯಾಸ್‌ಲೈಟು ತೂಗುಹಾಕುತ್ತಿದ್ದರು. ನಡುರಾತ್ರಿ ಬೆಳಕು ಕೆಂಪಗಾಗುತ್ತ ಬಂದರೆ, ಕರ್ಣ ಅರ್ಜುನ ಎದುರಾಬದುರಾ ನಿಂತಿದ್ದರೂ ಲೈಟಿನವನು ಅಟ್ಟ ಹತ್ತಿ, ಗಾಳಿ ಹೊಡೆದು ಇಳಿದು ಬರುತ್ತಿದ್ದ. ಅವನ ಬಾಯಲ್ಲಿ ಈ ಮಾತುಗಳು ಬೇರೆ ಬೇರೆಯಾಗೇ ಇದ್ದವು. ಇಡೀ ದೀಪ ಗ್ಯಾಸ್‌ಲೈಟು, ಇಲ್ಲವೇ ಗ್ಯಾಸ್‌ಬತ್ತಿ. ಒಳಗಿನದು ಮೆಂಟ್ಲು. ಬರೀ ಬತ್ತಿ ಅಂದರೆ ಕಂದೀಲಿನದು. ಹಾಗಾಗಿ ‘ಬತ್ತಿ’ ಅನ್ನುವ ರಾಯಚೂರಿನವರ ಉತ್ತರ ಅರ್ಧ ಸರಿ. ಜನ ಬತ್ತಿ ಅಂದದ್ದು ದೀಪಕ್ಕೆ. ದಿನಾ ಅದನ್ನು ಹಚ್ಚುವವನು ಮ್ಯಾಂಟಲ್‌ಗೆ ಆ ಹೆಸರು ಕೊಡಲಿಲ್ಲ.

ಗವಸು ಯಾಕೆ ಒಪ್ಪುವುದಿಲ್ಲ ಅಂತ ಹೇಳುತ್ತೇನೆ. ಹೊಸ ಮ್ಯಾಂಟಲ್ ಕೈಯಲ್ಲಿ ಹಿಡಿದರೆ ಮೆತ್ತನೆಯ ಬಟ್ಟೆ. ಬರ್ನರಿನ ಮಣ್ಣಿನ ಮೂತಿಗೆ ದಾರದಿಂದ ಕಟ್ಟಬೇಕು, ನೆರಿಗೆ ಸುತ್ತಲೂ ಒಂದೇ ಸಮ ಬರಬೇಕು. ಮೊದಲ ಸಲ ಉರಿ ತಾಗಿದಾಗ ಬಟ್ಟೆ ಕಪ್ಪಗಾಗಿ, ಸುಟ್ಟು, ಕುಗ್ಗಿ, ಆಮೇಲೆ ಬೆಳ್ಳಗಾಗುತ್ತದೆ. ಅಲ್ಲಿಗೆ ಬಟ್ಟೆ ಮುಗಿಯಿತು. ಉಳಿಯುವುದು ಬೂದಿಯ ಜಾಲರಿ. ಬೆರಳು ತಾಗಿದರೆ ಉದುರಿಹೋಗುತ್ತದೆ. ಒಂದು ಕಡೆ ತೂತು ಬಿದ್ದರೂ ಉರಿ ಅಲ್ಲಿಂದ ಚಿಮ್ಮಿ ಗಾಜಿಗೆ ಹೊಡೆಯುತ್ತದೆ, ಗಾಜು ಸೀಳುತ್ತದೆ. ಬೆಳಗುವುದು ಆ ಬೂದಿ, ಅಂದರೆ ಬಟ್ಟೆಗೆ ಮೊದಲೇ ಹೀರಿಸಿದ್ದ ಲೋಹದ ಲವಣ ಸುಟ್ಟು ಉಳಿದದ್ದು. 1885ರಲ್ಲಿ ಆಸ್ಟ್ರಿಯಾದ ಕಾರ್ಲ್ ಆಯರ್ ಫಾನ್ ವೆಲ್ಸ್‌ಬಾಕ್ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಆಗಿನ ಬೆಳಕು ಹಸಿರು ಹಸಿರಾಗಿತ್ತು. 1891ರಲ್ಲಿ ನೂರಕ್ಕೆ 99 ಪಾಲು ಥೋರಿಯಂ ಆಕ್ಸೈಡು, 1 ಪಾಲು ಸೀರಿಯಂ ಆಕ್ಸೈಡು ಅನ್ನುವ ಹದ ಸಿಕ್ಕಿತು. ಅಲ್ಲಿಂದ ಬಿಳೀ ಬೆಳಕು. ಥೋರಿಯಂ ವಿಕಿರಣ ಬಿಡುವ ವಸ್ತು. ಅದಕ್ಕೇ ಹಳೇ ಮ್ಯಾಂಟಲಿನ ಬೂದಿಯನ್ನು ಬಾಯಿಂದ ಊದಬಾರದು, ಮಕ್ಕಳ ಕೈಗೆ ಕೊಡಬಾರದು. ಹೊಸದರಲ್ಲಿ ಬಹಳಷ್ಟಕ್ಕೆ ಈಗ ಇಟ್ರಿಯಂ ಹಾಕುತ್ತಾರೆ. ಇಷ್ಟೆಲ್ಲ ಬದುಕು ಇರುವ ವಸ್ತುವಿಗೆ ಗವಸು ಅಂದರೆ ಕಟ್ಟುವ ಮುಂಚಿನ ರೂಪ ಮಾತ್ರ ಹೇಳಿದಂತಾಯಿತು.

ನನ್ನ ಸಲಹೆ: ಮ್ಯಾಂಟಲ್ ಅಂತಲೇ ಬರೆಸಿ. ಲೈಟಿನವನ ಬಾಯಲ್ಲಿ ಹಣ್ಣಾದ ಪದ ಅದು, ಅಂಗಡಿಯಲ್ಲಿ ನಡೆಯುವ ಪದ. ಅದರ ಪಕ್ಕ ಒಂದು ಸಾಲು ವಿವರ ಕೊಡಿ.

ಪದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದಾದರೆ ಕೆಡಿಸಿಕೊಳ್ಳಬೇಕಾದ್ದು ಬೋರ್ಡಿನ ತಲೆಬರಹಕ್ಕೆ. ನಮ್ಮ ಕಡೆ ಎಷ್ಟೋ ಜನ ‘ಪೆಟ್ರೋಲ್‌ಮ್ಯಾಕ್ಸ್’ ಅನ್ನುತ್ತಾರೆ. ಅಟ್ಟದ ಮೇಲಿಂದ ಅಜ್ಜನ ದೀಪ ಇಳಿಸಿದ ಹುಡುಗ ಆ ಹೆಸರು ನಂಬಿ ಪೆಟ್ರೋಲು ಸುರಿದರೆ ಏನು ಗತಿ? ಸರಿಯಾದ ಹೆಸರು ಪೆಟ್ರೋಮ್ಯಾಕ್ಸ್, ಬರ್ಲಿನ್ನಿನ ಎರಿಶ್ ಆಂಡ್ ಗ್ರೆಟ್ಸ್ ಕಂಪನಿ ತನ್ನ ದೀಪಕ್ಕೆ ಇಟ್ಟದ್ದು. ಮಾಲೀಕ ಮ್ಯಾಕ್ಸ್ ಗ್ರೆಟ್ಸ್, ಅದರಿಂದ ‘ಮ್ಯಾಕ್ಸ್’. ಜರ್ಮನ್ ಭಾಷೆಯಲ್ಲಿ ‘ಪೆಟ್ರೋಲಿಯಂ’ ಅಂದರೆ ದೀಪದ ಎಣ್ಣೆ, ನಮ್ಮ ಸೀಮೆಎಣ್ಣೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿ.

ಸಿರುಗುಪ್ಪದಿಂದ:

ನೀವೇ ‘ಸೀಮೆಎಣ್ಣೆ’ ಅಂದಿರಿ ನೋಡಿ. ಅದು ಬಂದ ಕಾಲಕ್ಕೆ ನಮ್ಮ ಹಿರಿಯರು ಕೆರೋಸಿನ್ ಅಂತ ಬಾಯಿ ತಿರುವಲಿಲ್ಲ. ಹೊರಗಿನಿಂದ ಬಂದ ಎಣ್ಣೆ, ಸೀಮೆಎಣ್ಣೆ ಅಂದರು. ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು, ಎಲ್ಲ ಹಾಗೇ ಬಂದವು. ಓದು ಬರಹ ಇಲ್ಲದವರು ಪದ ಕಟ್ಟುತ್ತಿದ್ದರು. ಓದಿದ ನಾವು ‘ಅಂಗಡಿಯವನಿಗೆ ತಿಳಿಯಲ್ಲ’ ಅಂತ ಸುಮ್ನೆ ಕೈ ಚೆಲ್ಲುತ್ತಿದ್ದೇವೆ. ಬೋರ್ಡಿನಲ್ಲಿ ಬರೆಯದಿದ್ದರೆ ಅಂಗಡಿಯವನಿಗೆ ತಿಳಿಯುವುದು ಹೇಗೆ?

ರಾಯಚೂರಿನಿಂದ:

ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದಿನ ಕಡೆ ಇದ್ದವು. ದವಾಖಾನೆ, ತಾರೀಖು, ಕಂದೀಲು ನಮ್ಮ ಅವ್ವಂದಿರು ಆಡಿದ ಕನ್ನಡ. ಅದನ್ನು ಎರವಲು ಅಂತ ಬೇರೆ ಸಾಲಿನಲ್ಲಿ ಕೂರಿಸಬೇಡಿ. ಸಿರುಗುಪ್ಪದವರೇ, ನಿಮ್ಮ ಬಳ್ಳಾರಿ ಜಿಲ್ಲೆ 1953ರ ತನಕ ಮದ್ರಾಸಿನಲ್ಲಿತ್ತು, ನಿಮ್ಮ ಮಾತಿನಲ್ಲಿ ತೆಲುಗು ಎಷ್ಟಿದೆ ಅಂತ ನಾವು ಎಣಿಸಿದ್ದೇವಾ? ಸೊಡರು ಅಂದರೆ ನಮ್ಮೂರಿನಲ್ಲಿ ಯಾರಿಗೂ ಬೆಳಕು ಹತ್ತುವುದಿಲ್ಲ.

ಸಿರುಗುಪ್ಪದಿಂದ:

ತೆಲುಗಿನ ಮಾತು ಇಲ್ಲಿ ಯಾರೂ ಎತ್ತಿರಲಿಲ್ಲ. ಸಂಸ್ಕೃತದ ಪದಕ್ಕೆ ಮರ್ಯಾದೆ, ಕನ್ನಡದ ಬೇರಿನ ಪದಕ್ಕೆ ‘ಕೋಣೆಯಲ್ಲಿ ಹೊಸೆದದ್ದು’ ಅನ್ನುವ ಬಿರುದು. ಇದನ್ನು ನಾನು ಒಪ್ಪುವುದಿಲ್ಲ.

ಕೊಪ್ಪಳದಿಂದ:

ಎಲ್ಲರಿಗೂ ಧನ್ಯವಾದ. ಜಗಳ ಮುಂದುವರಿಸಿ, ನಾನು ಬೋರ್ಡಿನ ಕೆಲಸ ಮುಗಿಸಿಕೊಳ್ಳುತ್ತೇನೆ.

‘ಮ್ಯಾಂಟಲ್’ ಉಳಿಸಿಕೊಂಡಿದ್ದೇನೆ. ಕೆಳಗೆ ಈ ಸಾಲು: ‘ಮೊದಲು ಬಟ್ಟೆ, ಸುಟ್ಟ ಮೇಲೆ ಬೂದಿಯ ಜಾಲರಿ. ಬೆಳಕು ಕೊಡುವುದು ಇದೇ. ಮುಟ್ಟಬೇಡಿ, ಊದಬೇಡಿ.’ ಉರಿಗವಸು ನನಗೂ ಇಷ್ಟವಾಯಿತು. ಆದರೆ ನಮ್ಮ ಮಳಿಗೆಯಲ್ಲಿ ದೀಪ ನೋಡಿ ಮನೆಗೆ ಹೋದವರು ಅಟ್ಟದ ಮೇಲಿನ ದೀಪ ಇಳಿಸುತ್ತಾರೆ. ಮರುದಿನ ಅಂಗಡಿಗೆ ಹೋದಾಗ ಬಾಯಿಗೆ ಬರಬೇಕಾದ ಪದ ಮ್ಯಾಂಟಲ್. ಹೊಸ ಪದ ಕಲಿಸುವ ಜಾಗ ಇದಲ್ಲ ಅನ್ನಿಸಿತು.

ತಲೆಬರಹ ‘ಪೆಟ್ರೋಮ್ಯಾಕ್ಸ್: ಸೀಮೆಎಣ್ಣೆಯ ದೀಪ’. ಅದರ ಕೆಳಗೆ ಕೆಂಪು ಬಣ್ಣದಲ್ಲಿ ‘ಪೆಟ್ರೋಲ್ ಹಾಕಲೇಬಾರದು’. ಬಳ್ಳಾರಿಯವರ ಈ ಮಾತು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಜತೆಗೆ ಇನ್ನೆರಡು ಸೂಚನೆ ಸೇರಿಸಿದ್ದೇವೆ: ದೀಪ ಬಿಸಿಯಿರುವಾಗ ಎಣ್ಣೆ ತುಂಬಬಾರದು, ಮುಚ್ಚಳ ತೆಗೆಯುವ ಮುಂಚೆ ಸ್ಕ್ರೂ ಸಡಿಲಿಸಿ ಗಾಳಿ ಪೂರ್ತಿ ಬಿಡಬೇಕು. ಪಂಪಿನ ತೊಗಲಿನ ವಾಷರ್ ಒಣಗಿದ್ದರೆ ಎಷ್ಟು ಹೊಡೆದರೂ ಗಾಳಿ ನಿಲ್ಲುವುದಿಲ್ಲ, ಮೊದಲು ಎಣ್ಣೆಯಲ್ಲಿ ನೆನೆಸಿ ಅಂತ ಒಂದು ಸಾಲೂ ಇದೆ. ನಮ್ಮಲ್ಲಿಗೆ ಬರುವ ದೀಪಗಳಲ್ಲಿ ಜಾಸ್ತಿ ಕಾಣುವ ಕಾಯಿಲೆ ಅದೇ.

ಅಭ್ರಕದ ಹಾಳೆ ಇರುವ ದೀಪ ಒಂದಿದೆ. ಅದಕ್ಕೆ ‘ಕಾಗೆಬಂಗಾರ’ ಅಂತಲೇ ಬರೆಸುತ್ತೇನೆ. ಆ ಪದ ಓದಿ ಪೇಂಟರ್‌ಗೇ ಖುಷಿಯಾಯಿತು.

ನಳಿಕೆಗೆ ಸಿರುಗುಪ್ಪದವರ ಪದವೇ ಗಟ್ಟಿ. ಆದೇಶ ಸಂಧಿ ಮಾಡಿ ‘ಆವಿಗೊಳವೆ’ ಅಂತ ಬರೆಯಬೇಕೋ, ಜಾತ್ರೆಯ ಜನಕ್ಕೆ ಸಲೀಸಾಗಲಿ ಅಂತ ‘ಆವಿ ಕೊಳವೆ’ ಅಂತ ಬಿಡಿಸಿ ಬರೆಯಬೇಕೋ? ನಾನು ಬಿಡಿಸಿ ಬರೆಸುತ್ತಿದ್ದೇನೆ. ಆಕ್ಷೇಪ ಇದ್ದವರು ಬುಧವಾರ ಸಂಜೆಯೊಳಗೆ ಹೇಳಿ.