ಒಳ–ಹೊರ ಉಷ್ಣಾಂಶದ ವ್ಯತ್ಯಾಸಕ್ಕೆ ತಕ್ಕಂತೆ ಫ್ಯಾನಿನ ವೇಗ: ಸರಳ ಸರ್ಕ್ಯೂಟ್ ಹೇಗೆ?

ಪ್ರಶ್ನೆ (ಶಿರಸಿ):
ಬೇಯಿಸಿದ ಅಡಿಕೆಯನ್ನು ಒಣಗಿಸಲು ಅಂಗಳದಲ್ಲಿ ಪ್ಲಾಸ್ಟಿಕ್ ಶೀಟಿನ ಮನೆಯೊಂದನ್ನು ಕಟ್ಟಿ, ಅದರ ತುದಿಗೆ 12 ವೋಲ್ಟಿನ, ಬ್ರಶ್ ಇರುವ ಡಿ.ಸಿ. ಮೋಟಾರಿನ ಫ್ಯಾನನ್ನು ಕೂರಿಸಿದ್ದೇನೆ. ಈಗಿರುವ ಥರ್ಮೋಸ್ಟ್ಯಾಟ್ 45 ಡಿಗ್ರಿ ದಾಟಿದ ಮೇಲಷ್ಟೇ ಅದನ್ನು ಚಾಲೂ ಮಾಡುತ್ತದೆ. ಡಿಸೆಂಬರಿನ ಬೆಳಿಗ್ಗೆ ಹೊರಗೆ 16, ಒಳಗೆ 28 ಡಿಗ್ರಿ ಇರುವಾಗ ಶೀಟಿನ ಒಳಮೈಯಲ್ಲಿ ನೀರು ಹನಿಗಟ್ಟಿ ಅಡಿಕೆಯ ಮೇಲೆಯೇ ತೊಟ್ಟಿಕ್ಕುತ್ತಿದ್ದರೂ ಫ್ಯಾನ್ ಸುಮ್ಮನಿರುತ್ತದೆ. ಮೈಕ್ರೋಕಂಟ್ರೋಲರ್ (ಪ್ರೋಗ್ರಾಂ ಬರೆದು ನಡೆಸುವ ಚಿಪ್) ಇಲ್ಲದೆ, ವ್ಯತ್ಯಾಸ 10 ಡಿಗ್ರಿಯಾದಾಗ ಪೂರ್ಣ ವೇಗ ಬರುವಂತೆ ಮಾಡಬಹುದೇ? ಎರಡು ಎಲ್‌ಎಂ35 (ಉಷ್ಣಾಂಶದ ಸೆನ್ಸಾರ್) ಹಾಗೂ ಒಂದು ಎಲ್‌ಎಂ358 (ಎರಡು ಆಂಪ್ಲಿಫೈಯರುಗಳಿರುವ ಐಸಿ) ನನ್ನಲ್ಲಿವೆ.

ಉತ್ತರ (ಕಾರವಾರ):
ಖಂಡಿತ ಮಾಡಬಹುದು. ಎಲ್‌ಎಂ35 ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವುದರಿಂದ 10 ಡಿಗ್ರಿಗೆ 100 ಮಿಲಿವೋಲ್ಟ್ ಆಗುತ್ತದೆ. ಮೋಟಾರನ್ನು ಬೇಗಬೇಗ ಆನ್–ಆಫ್ ಮಾಡುತ್ತ, ಆನ್ ಇರುವ ಪಾಲನ್ನು ಹೆಚ್ಚಿಸಿದಂತೆ ವೇಗ ಹೆಚ್ಚುತ್ತದೆ. ಅದರ ತಾಳಕ್ಕೆ 555 ಟೈಮರ್ ಐಸಿ ಬಳಸಿ. 12 ವೋಲ್ಟಿನಲ್ಲಿ ನಡೆಯುವ 555ರ ಕೆಪ್ಯಾಸಿಟರಿನ ವೋಲ್ಟೇಜು 4 ಮತ್ತು 8ರ ನಡುವೆ ಏರಿಳಿಯುತ್ತದೆ. ಆದ್ದರಿಂದ 358ರ ಒಂದು ಭಾಗವನ್ನು 10 ಕಿಲೋಓಮ್ ಮತ್ತು 390 ಕಿಲೋಓಮ್ ರೆಸಿಸ್ಟರುಗಳ ಡಿಫರೆನ್ಸ್ ಆಂಪ್ಲಿಫೈಯರಾಗಿಸಿ (ಎರಡು ಸೆನ್ಸಾರುಗಳ ವ್ಯತ್ಯಾಸವನ್ನು 39 ಪಟ್ಟು ಹಿಗ್ಗಿಸುವಂಥದ್ದು), ಗ್ರೌಂಡಿಗೆ ಹೋಗಬೇಕಾದ 390ರ ತುದಿಯನ್ನು ಗ್ರೌಂಡಿನ ಬದಲು 4 ವೋಲ್ಟಿಗೆ ಜೋಡಿಸಿದರೆ, ವ್ಯತ್ಯಾಸ ಸೊನ್ನೆಯಿದ್ದಾಗ 4, ಹತ್ತು ಡಿಗ್ರಿಯಿದ್ದಾಗ ಸುಮಾರು 8 ವೋಲ್ಟ್ ಸಿಗುತ್ತದೆ. ಆ 4 ವೋಲ್ಟನ್ನು ಅದೇ 12ರಿಂದ ವಿಭಜಿಸಿ, 358ರ ಇನ್ನೊಂದು ಭಾಗದಿಂದ ಬಫರ್ ಮಾಡಿ (ಲೋಡಿನಿಂದ ವೋಲ್ಟೇಜು ಕುಸಿಯದಂತೆ). ಆಗ ಬ್ಯಾಟರಿ ಇಳಿದರೂ ಸೊನ್ನೆಯ ಬಿಂದು ಜಾರುವುದಿಲ್ಲ. ಆಂಪ್ಲಿಫೈಯರಿನ ಔಟ್‌ಪುಟ್ಟನ್ನು 555ರ ಕೆಪ್ಯಾಸಿಟರಿನ ವೋಲ್ಟೇಜಿನೊಡನೆ ಹೋಲಿಸುವ ಕಂಪ್ಯಾರೇಟರು, ಮೋಟಾರಿನ ಸ್ವಿಚ್ಚಾಗುವ ಮಾಸ್ಫೆಟನ್ನು ನಡೆಸಲಿ. ಮೋಟಾರಿಗೆ ಅಡ್ಡಲಾಗಿ ಡಯೋಡು ಇರಲೇಬೇಕು.

ಉತ್ತರ (ಕುಮಟಾ):
ಮೇಲಿನವರ ಲೆಕ್ಕ ಸರಿಯಿದೆ. ಆದರೆ ಕಂಪ್ಯಾರೇಟರಿಗೆಂದು ಇನ್ನೊಂದು 358 ತರಬೇಡಿ. ಅದರ ಔಟ್‌ಪುಟ್ ಮೈಕ್ರೋಸೆಕೆಂಡಿಗೆ 0.3 ವೋಲ್ಟಿನಷ್ಟೇ ಏರುವುದರಿಂದ 12 ವೋಲ್ಟ್ ತಲುಪಲು 40 ಮೈಕ್ರೋಸೆಕೆಂಡ್ ಬೇಕು. ಸದ್ದು ಕೇಳದಂತೆ 25 ಕಿಲೋಹರ್ಟ್ಸಿನಲ್ಲಿ ನಡೆಸಿದರೆ ಒಂದು ಇಡೀ ಆವರ್ತವೇ ಅಷ್ಟು. ಕಂಪ್ಯಾರೇಟರಿಗೆಂದೇ ಇರುವ, ಎರಡು ಭಾಗಗಳ ಎಲ್‌ಎಂ393 ಬಳಸಿ, 555ಕ್ಕೆ 33 ಕಿಲೋಓಮ್ ಮತ್ತು 0.1 ಮೈಕ್ರೋಫ್ಯಾರಡಿನಿಂದ 200 ಹರ್ಟ್ಸಿನ ಆಸುಪಾಸು ಇಟ್ಟುಕೊಳ್ಳಿ. ಮೋಟಾರು ಸ್ವಲ್ಪ ಗುಂಯ್‌ಗುಡುತ್ತದೆ, ಅಡಿಕೆಗೇನೂ ತೊಂದರೆಯಿಲ್ಲ.

ನಿಜವಾದ ತೊಡಕು ಆರಂಭದಲ್ಲಿದೆ. ಕಡಿಮೆ ಶಕ್ತಿಯಲ್ಲಿ ಮೋಟಾರು ತಿರುಗದೆ ಬಿಸಿಯಾಗುತ್ತದೆ. 393ರ ಉಳಿದ ಭಾಗವನ್ನು, ಆಂಪ್ಲಿಫೈಯರಿನ ಔಟ್‌ಪುಟ್ 5 ವೋಲ್ಟಿಗಿಂತ ಕಡಿಮೆಯಿದ್ದಾಗ ಮಾಸ್ಫೆಟಿನ ಗೇಟನ್ನು (ನಿಯಂತ್ರಣದ ಕಾಲನ್ನು) ಸೊನ್ನೆಯ ಬಳಿ ಹಿಡಿದು ಫ್ಯಾನನ್ನು ನಿಲ್ಲಿಸಿಡುವಂತೆ ಜೋಡಿಸಿ. 393ರ ಔಟ್‌ಪುಟ್‌ಗಳು ಓಪನ್ ಕಲೆಕ್ಟರ್ (ಕೆಳಗೆ ಎಳೆಯಬಲ್ಲವು, ಮೇಲಕ್ಕೆ ಎತ್ತಲಾರವು) ಆದ್ದರಿಂದ ಎರಡನ್ನೂ ಸೇರಿಸಿ ಒಂದೇ ಪುಲ್‌ಅಪ್ (12 ವೋಲ್ಟಿಗೆ ಎತ್ತಿಹಿಡಿಯುವ ರೆಸಿಸ್ಟರ್) ಕೊಟ್ಟರೆ ಸಾಕು. ಘಟ್ಟದ ಮೇಲೆ ನಿಮಗೆ ಉಪ್ಪುಗಾಳಿಯ ಕಾಟವಿಲ್ಲ. ಇಲ್ಲಿ ಬೋರ್ಡಿಗೆ ವಾರ್ನಿಶ್ ಬಳಿಯದಿದ್ದರೆ ಒಂದು ಮಳೆಗಾಲ ದಾಟುವುದೂ ಕಷ್ಟ.

ಪ್ರಶ್ನೆ ಕೇಳಿದವರು:
ಎರಡೂ ಸೆನ್ಸಾರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೇ ಚೊಂಬಿನ ನೀರಿನಲ್ಲಿ ಮುಳುಗಿಸಿದಾಗ 9 ಮಿಲಿವೋಲ್ಟ್ ಅಂತರ ಕಂಡಿತು. ಇದನ್ನು ಎಲ್ಲಿ ಸರಿಪಡಿಸಬೇಕು? ಹೊರಗಿನ ಸೆನ್ಸಾರಿಗೆ 8 ಮೀಟರು ವೈರು ಬೇಕಾಗುತ್ತದೆ.

ಉತ್ತರ (ಕಾರವಾರ):
ಆ 4 ವೋಲ್ಟಿನ ವಿಭಾಜಕದಲ್ಲಿ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇಟ್ಟು 0.35 ವೋಲ್ಟಿನಷ್ಟು (9 ಮಿಲಿವೋಲ್ಟಿನ 39 ಪಟ್ಟು) ಹೊಂದಿಸಿದರೆ ಅಂತರ ಹೋಗುತ್ತದೆ. ಉದ್ದದ ವೈರಿನಲ್ಲಿ ಎಲ್‌ಎಂ35 ಅಸ್ಥಿರವಾಗುತ್ತದೆ. ಔಟ್‌ಪುಟ್‌ನಿಂದ ಗ್ರೌಂಡಿಗೆ 75 ಓಮ್ ಮತ್ತು 1 ಮೈಕ್ರೋಫ್ಯಾರಡನ್ನು ಸರಣಿಯಲ್ಲಿ ಹಾಕಿ.