ಅಪ್ಪನ ರೀಫಂಡ್ ಎಲ್ಲಿ ನಿಂತಿದೆ? ಅನುಭವ ಇರುವವರು ಹೇಳಿ

ಪ್ರಶ್ನೆ: ನಮ್ಮ ತಂದೆ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಶಿವಮೊಗ್ಗದಲ್ಲಿದ್ದಾರೆ. ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕಿನವರು ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರು. ಅದು ವಾಪಸ್ ಬರಲಿ ಅಂತ 2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆದಾಯ ತೆರಿಗೆ ರಿಟರ್ನ್ ಹಾಕಿದೆವು. ಹಣ ಇನ್ನೂ ಬಂದಿಲ್ಲ. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ರೀಫಂಡ್ ಫೇಲ್ ಅಂತ ತೋರಿಸುತ್ತಿದೆ. ಬ್ಯಾಂಕ್ ಖಾತೆ ವ್ಯಾಲಿಡೇಟ್ ಆಗಿಲ್ಲ (ತಾಳೆಯಾಗಿಲ್ಲ), ಹೆಸರು ಹೊಂದುತ್ತಿಲ್ಲವಂತೆ. ಇಲ್ಲೊಬ್ಬ ಏಜೆಂಟ್ ಶೇಕಡಾ ಹತ್ತು ಕೊಟ್ಟರೆ ಬಿಡಿಸಿಕೊಡುತ್ತೇನೆ ಅನ್ನುತ್ತಿದ್ದಾನೆ. ಕೊಡೋದಾ? ಅಪ್ಪ ದಿನಾ ಕೇಳುತ್ತಾರೆ, ಏನು ಹೇಳಲಿ ಗೊತ್ತಾಗುತ್ತಿಲ್ಲ.

ದಾವಣಗೆರೆಯಿಂದ:

ಒಂದು ರೂಪಾಯಿಯೂ ಕೊಡಬೇಡಿ. ನಮ್ಮ ಮನೆಯ ಹಿರಿಯರು, ಅಕ್ಕಪಕ್ಕದ ಪಿಂಚಣಿದಾರರು ಎಲ್ಲರ ರಿಟರ್ನ್ ನಾನೇ ನೋಡಿಕೊಳ್ಳುತ್ತೇನೆ. ಅದೇ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಫೇಲ್ ಅಂದ ಕೂಡಲೇ ತಂದೆಯವರು ಗಾಬರಿಯಾಗಿರಬಹುದು. ಆದರೆ ಅದರರ್ಥ, ರಿಟರ್ನ್ ಪ್ರೊಸೆಸ್ ಆಗಿದೆ, ಇಷ್ಟು ಹಣ ಕೊಡಬೇಕು ಅಂತ ಇಲಾಖೆ ಒಪ್ಪಿಕೊಂಡಿದೆ. ಹಾಕೋಕೆ ಸರಿಯಾದ ಖಾತೆ ಸಿಗಲಿಲ್ಲ, ಅಷ್ಟೇ. ಈ ಕೆಲಸಕ್ಕೆ ಏಜೆಂಟ್ ಯಾಕೆ ಬೇಕು?

ನಮ್ಮ ಕಡೆ ತೊಂದರೆ ಬರೋದು ಇನಿಷಿಯಲ್‌ನಿಂದ. ಊರಿನ ಹೆಸರಿನ ಮೊದಲ ಅಕ್ಷರ, ತಂದೆ ಹೆಸರಿನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಉದಾಹರಣೆಗೆ, ಹಳೇ ಪಾಸ್‌ಬುಕ್‌ನಲ್ಲಿ 'ಎಚ್. ಬಿ. ರುದ್ರಪ್ಪ' ಅಂತ ಇರುತ್ತೆ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಅಲ್ಲಿ 'ಹೊನ್ನಾಳಿ ಬಸಪ್ಪ ರುದ್ರಪ್ಪ' ಆಗಿರುತ್ತೆ. ಆಧಾರ್‌ನಲ್ಲಿ 'ರುದ್ರಪ್ಪ ಎಚ್ ಬಿ'. ನಮಗೆ ಮೂರೂ ಒಬ್ಬರೇ. ಕಂಪ್ಯೂಟರ್‌ಗೆ ಮೂರು ಜನ. ಸಾಲದ್ದಕ್ಕೆ ಇಂಗ್ಲಿಷ್‌ನಲ್ಲಿ ಬರೆಯುವಾಗ 'ಪ್ಪ'ಗೆ ಒಂದು ಕಡೆ ಒಂದೇ ಪಿ, ಇನ್ನೊಂದು ಕಡೆ ಎರಡು ಪಿ.

ಹಾಗಾದರೆ ಯಾವುದನ್ನು ತಿದ್ದಿಸಬೇಕು? ಪ್ಯಾನ್ ಮತ್ತು ಆಧಾರ್ ಈಗಾಗಲೇ ಜೋಡಣೆಯಾಗಿದ್ದರೆ ಅವೆರಡನ್ನೂ ಮುಟ್ಟಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸೋಕೆ ಜೀವನದಲ್ಲಿ ಎರಡೇ ಅವಕಾಶ. ಪ್ಯಾನ್ ತಿದ್ದಿದರೆ ಎಲ್‌ಐಸಿ, ಡಿಮ್ಯಾಟ್ ಅಂತ ಇನ್ನೆಲ್ಲೋ ತಕರಾರು ಏಳುತ್ತೆ. ಬ್ಯಾಂಕಿನಲ್ಲಿ ತಿದ್ದಿಸೋದೇ ಸಲೀಸು. ತಂದೆಯವರನ್ನು ಅವರ ಶಾಖೆಗೇ ಕರೆದುಕೊಂಡು ಹೋಗಿ. ಪ್ಯಾನ್, ಆಧಾರ್ ಎರಡರ ಮೂಲ ಪ್ರತಿಯೂ ಇರಲಿ, ಜೆರಾಕ್ಸೂ ಇರಲಿ. 'ಪ್ಯಾನ್‌ನಲ್ಲಿ ಇರುವ ಹಾಗೇ ಖಾತೆಯಲ್ಲಿ ಹೆಸರು ಮಾಡಿಕೊಡಿ' ಅಂತ ಕೆವೈಸಿ ಫಾರಂ ಜೊತೆ ಒಂದು ಪತ್ರ ಕೊಡಿ. ಖಾತೆಗೆ ಪ್ಯಾನ್ ಸೇರಿಸಿದ್ದಾರಾ, ಮೊಬೈಲ್ ನಂಬರ್ ಈಗಿನದೇನಾ ಅಂತಲೂ ಕೇಳಿ. ಸಿಬ್ಬಂದಿ ಟೈಪ್ ಮಾಡಿದ ಮೇಲೆ ಸ್ಕ್ರೀನ್ ತಿರುಗಿಸಿ ತೋರಿಸಿ ಅಂತ ವಿನಯವಾಗಿ ಕೇಳಿಕೊಂಡು, ಪ್ಯಾನ್ ಕಾರ್ಡ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ಇಲ್ಲಿ ಸಂಕೋಚ ಬೇಡ. ಒಂದು ಅಕ್ಷರ ತಪ್ಪಿದರೆ ಮತ್ತೆ ಅದೇ ಕೌಂಟರ್ ಮುಂದೆ ನಿಲ್ಲಬೇಕು.

ಆಮೇಲೆ ಪೋರ್ಟಲ್‌ನ ಪ್ರೊಫೈಲ್‌ನಲ್ಲಿ 'ಮೈ ಬ್ಯಾಂಕ್ ಅಕೌಂಟ್'ಗೆ ಹೋಗಿ ರೀವ್ಯಾಲಿಡೇಟ್ ಕೊಡಿ. ವ್ಯಾಲಿಡೇಟ್ ಆದ ಮೇಲೆ ಅದೇ ಖಾತೆಯನ್ನು ರೀಫಂಡ್‌ಗೆ ನಾಮಿನೇಟ್ ಮಾಡಿ, ಅಂದರೆ ಹಣ ಇದಕ್ಕೇ ಬರಲಿ ಅಂತ ಆರಿಸಿ. ತುಂಬ ಜನ ಇಷ್ಟಕ್ಕೇ ನಿಲ್ಲಿಸಿ ಹಣಕ್ಕೆ ಕಾಯುತ್ತಾರೆ. ಹಣ ತಾನಾಗೇ ಬರಲ್ಲ. ಸರ್ವಿಸಸ್‌ನಲ್ಲಿ 'ರೀಫಂಡ್ ರೀಇಶ್ಯೂ' (ಮತ್ತೆ ಹಣ ಕಳಿಸಿ) ಅಂತ ಇದೆ. ಅಲ್ಲಿ ಹೊಸದಾಗಿ ಕೋರಿಕೆ ಹಾಕಿ ಇ-ವೆರಿಫೈ ಮಾಡಬೇಕು, ಅಂದರೆ ಇದು ನಮ್ಮದೇ ಅಂತ ಆನ್‌ಲೈನ್‌ನಲ್ಲಿ ದೃಢಪಡಿಸಬೇಕು.

ಮಂಗಳೂರಿನಿಂದ:

ಹೆಸರು ಸರಿ ಇದ್ದೂ ವ್ಯಾಲಿಡೇಟ್ ಆಗದಿದ್ದರೆ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ನೋಡಿ. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆ ಕಥೆ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋದವು. ನಿಮ್ಮ ಕಡೆಯವರಿಗೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಎಸ್‌ಬಿಐ ಆಗಿದ್ದು 2017ರಲ್ಲಿ. ಹಿರಿಯರು ಹಳೇ ಪಾಸ್‌ಬುಕ್ ಜೋಪಾನವಾಗಿ ಇಟ್ಟಿರುತ್ತಾರೆ. ಅದನ್ನೇ ನೋಡಿ ಕೋಡ್ ತುಂಬಿದರೆ ಆಗಲ್ಲ. ಹೊಸ ಪಾಸ್‌ಬುಕ್ ಅಥವಾ ಹೊಸ ಚೆಕ್ ನೋಡಿ ಹಾಕಿ. ಕೆಲವು ಬ್ಯಾಂಕುಗಳಲ್ಲಿ ಖಾತೆ ನಂಬರೇ ಬದಲಾಗಿದೆ, ಅದನ್ನೂ ನೋಡಿಕೊಳ್ಳಿ.

ಹುಬ್ಬಳ್ಳಿಯಿಂದ:

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಸ್ಟೇಟಸ್‌ನಲ್ಲಿ ಇ-ವೆರಿಫಿಕೇಶನ್ ಬಾಕಿ ಅಂತ ಇದ್ದರೆ ನಿಮ್ಮ ರಿಟರ್ನ್ ಇನ್ನೂ ಪ್ರೊಸೆಸ್‌ಗೇ ಹೋಗಿಲ್ಲ. ರಿಟರ್ನ್ ಹಾಕಿದ 30 ದಿನದೊಳಗೆ ವೆರಿಫೈ ಮಾಡಬೇಕು. ಮೊದಲು 120 ದಿನ ಇತ್ತು, 2022ರ ಆಗಸ್ಟ್‌ನಿಂದ ಇಳಿಸಿದ್ದಾರೆ. ಗಡುವು ದಾಟಿದ್ದರೆ ಸರ್ವಿಸಸ್‌ನಲ್ಲಿ 'ಕಾಂಡೋನೇಶನ್ ರಿಕ್ವೆಸ್ಟ್' (ತಡ ಮನ್ನಿಸಿ ಅನ್ನುವ ಕೋರಿಕೆ) ಹಾಕಿ, ತಡವಾದ ಕಾರಣ ಬರೆಯಿರಿ.

ಆಧಾರ್‌ಗೆ ಮೊಬೈಲ್ ಜೋಡಿಸದ ಹಿರಿಯರಿಗೆ ಓಟಿಪಿ ಬರಲ್ಲ. ಅವರಿಗೆ ನೆಟ್ ಬ್ಯಾಂಕಿಂಗ್ ದಾರಿ ಇದೆ. ಅದೂ ಆಗದಿದ್ದರೆ ಐಟಿಆರ್-ವಿ (ರಿಟರ್ನ್ ಹಾಕಿದ್ದಕ್ಕೆ ಸಿಗುವ ಸ್ವೀಕೃತಿ ಪತ್ರ) ಪ್ರಿಂಟ್ ತೆಗೆದು, ಸಹಿ ಮಾಡಿಸಿ, ರಿಟರ್ನ್ ಪ್ರೊಸೆಸ್ ಮಾಡುವ ಬೆಂಗಳೂರಿನ ಸಿಪಿಸಿ ಕೇಂದ್ರಕ್ಕೆ, ಪಿನ್ ಕೋಡ್ 560500, ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಇಟ್ಟುಕೊಳ್ಳಿ.

ಡಬ್ಲಿನ್‌ನಿಂದ:

ಹೊರದೇಶದಲ್ಲಿರುವ ನಮ್ಮವರಿಗೆ ಇನ್ನೊಂದು ತರಹದ ಕಷ್ಟ. ಆಧಾರ್ ಜೋಡಿಸಿಲ್ಲ ಅಂತ 2023ರ ಜುಲೈನಲ್ಲಿ ನನ್ನ ಪ್ಯಾನ್ ನಿಷ್ಕ್ರಿಯವಾಯಿತು. ಎನ್‌ಆರ್‌ಐಗಳಿಗೆ ಜೋಡಣೆ ಕಡ್ಡಾಯವಲ್ಲ, ಆದರೆ ನಾವು ಎನ್‌ಆರ್‌ಐ ಅಂತ ಇಲಾಖೆಯ ದಾಖಲೆಯಲ್ಲಿ ಇರಬೇಕಲ್ವಾ? ಪ್ಯಾನ್ ನಿಷ್ಕ್ರಿಯವಾಗಿರುವಷ್ಟು ದಿನ ರೀಫಂಡ್ ಕೊಡಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ. ನನ್ನ ಪ್ಯಾನ್ ಯಾವ ಅಧಿಕಾರಿಯ ವ್ಯಾಪ್ತಿಗೆ ಬರುತ್ತದೆ ಅಂತ ಪೋರ್ಟಲ್‌ನಲ್ಲಿ ನೋಡಿ, ಅವರಿಗೆ ಪಾಸ್‌ಪೋರ್ಟ್ ಪುಟಗಳ ಜೊತೆ ಬರೆದೆ. ಆಮೇಲೆ ಸರಿಹೋಯಿತು. ಊರಲ್ಲಿರುವವರಾದರೆ ₹1000 ಶುಲ್ಕ ಕಟ್ಟಿ ಜೋಡಿಸಬೇಕು.

ಇನ್ನೊಂದು ವಿಷಯ. ಇಂಡಿಯಾದ ಸಿಮ್ ಬಂದ್ ಆಗಲು ಬಿಡಬೇಡಿ. ಓಟಿಪಿ ಎಲ್ಲಾ ಅದಕ್ಕೇ ಬರೋದು.

ಮೈಸೂರಿನಿಂದ:

ನಮ್ಮ ತಾಯಿ ರಿಟರ್ನ್ ಹಾಕಿದ ಮೇಲೆ ತೀರಿಕೊಂಡರು. ಅವರ ರೀಫಂಡ್ ಬಂದಿರಲಿಲ್ಲ. ಇಂಥ ಹೊತ್ತಲ್ಲಿ ಅವರ ಪಾಸ್‌ವರ್ಡ್ ಹಾಕಿ ಏನೂ ಮಾಡಬೇಡಿ. ನಿಮ್ಮ ಸ್ವಂತ ಲಾಗಿನ್‌ನಿಂದ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಳ್ಳಿ. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್, ವಾರಸುದಾರಿಕೆಯ ದಾಖಲೆ ಬೇಕು. ನಾವು ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಕೊಟ್ಟೆವು. ಒಪ್ಪಿಗೆ ಬಂದ ಮೇಲೆ ಹಣ ವಾರಸುದಾರರ ಖಾತೆಗೆ ಬರುತ್ತದೆ. ಮನಸ್ಸು ಭಾರವಾಗಿರುವಾಗ ಈ ಓಡಾಟ ತುಂಬ ಕಷ್ಟ. ಜೊತೆಗೆ ಒಬ್ಬರಿರಲಿ.

ದಾವಣಗೆರೆಯಿಂದ, ಮತ್ತೆ:

ರೀಫಂಡ್ ಮೇಲೆ ಬಡ್ಡಿ ಎಷ್ಟು ಅಂತ ಕೆಲವರು ಕೇಳಿದ್ದಾರೆ. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 244ಎ ಪ್ರಕಾರ ತಿಂಗಳಿಗೆ ಶೇಕಡಾ ಅರ್ಧ. ಗಡುವಿನೊಳಗೆ ರಿಟರ್ನ್ ಹಾಕಿದ್ದರೆ ಏಪ್ರಿಲ್ 1ರಿಂದ ಲೆಕ್ಕ. ನಮ್ಮಿಂದಲೇ ಆದ ತಡಕ್ಕೆ ಬಡ್ಡಿ ಕೊಡಲ್ಲ. ಬಂದ ಬಡ್ಡಿಯನ್ನು ಮುಂದಿನ ರಿಟರ್ನ್‌ನಲ್ಲಿ ಆದಾಯ ಅಂತ ತೋರಿಸಬೇಕು. ಇನ್ನು ಪ್ರೊಸೆಸ್ಸೇ ಆಗಿಲ್ಲ ಅನ್ನುವವರಿಗೆ: 2025ರ ಸೆಪ್ಟೆಂಬರ್‌ನಲ್ಲಿ ಹಾಕಿದ ರಿಟರ್ನ್‌ಗೆ 143(1) ಇಂಟಿಮೇಶನ್ (ಪ್ರೊಸೆಸ್ ಆದ ಮೇಲಿನ ಲೆಕ್ಕದ ಪತ್ರ) ಕಳಿಸಲು ಇಲಾಖೆಗೆ 2026ರ ಡಿಸೆಂಬರ್ 31ರವರೆಗೆ ಸಮಯವಿದೆ. ಹಾಗಂತ ಸುಮ್ನೆ ಕೂರಬೇಕಿಲ್ಲ. ಪೋರ್ಟಲ್‌ನಲ್ಲಿ ಗ್ರೀವೆನ್ಸ್ (ದೂರು) ಹಾಕಬಹುದು, 1800 103 0025ಕ್ಕೆ ಫೋನ್ ಮಾಡಬಹುದು.

ಹಣ ಕಮ್ಮಿ ಬಂದಿದ್ದರೆ ಆ ಇಂಟಿಮೇಶನ್ ತೆರೆದು ಓದಿ. ಪಾಸ್‌ವರ್ಡ್ ಏನಂದರೆ, ಪ್ಯಾನ್ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿದಂತೆ ಹುಟ್ಟಿದ ದಿನಾಂಕದ ಎಂಟು ಅಂಕಿ. ಒಳಗೆ ಎರಡು ಕಾಲಂ ಇರುತ್ತವೆ: ನೀವು ಕೊಟ್ಟ ಲೆಕ್ಕ, ಅವರು ಹಾಕಿದ ಲೆಕ್ಕ. ಒಂದೊಂದೇ ಸಾಲು ಹೋಲಿಸಿ. ಯಾವುದೋ ಹಳೇ ವರ್ಷದ ತೆರಿಗೆ ಬಾಕಿಗೆ ಈ ರೀಫಂಡ್ ಹಿಡಿಯುವುದಾದರೆ ಮೊದಲು ಸೆಕ್ಷನ್ 245ರ ನೋಟಿಸ್ ಬರುತ್ತದೆ. ಅದಕ್ಕೆ ಉತ್ತರಿಸಲು 21 ದಿನ. ಆ ಬಾಕಿ ತಪ್ಪು ಅನ್ನಿಸಿದರೆ ಒಪ್ಪುವುದಿಲ್ಲ ಅಂತ ಕಾರಣ ಸಮೇತ ಬರೆಯಿರಿ. ಸುಮ್ಮನಿದ್ದರೆ ಹಿಡಿದುಕೊಳ್ಳುತ್ತಾರೆ.

ಏಜೆಂಟ್ ವಿಷಯ ಮತ್ತೊಮ್ಮೆ ಹೇಳಲೇಬೇಕು. ರೀಫಂಡ್‌ನಲ್ಲಿ ಪಾಲು ಕೇಳುವವರಲ್ಲಿ ಕೆಲವರು ಇಲ್ಲದ ಮನೆ ಬಾಡಿಗೆ, ಇಲ್ಲದ ದೇಣಿಗೆ ತೋರಿಸಿ ರೀಫಂಡ್ ಉಬ್ಬಿಸುತ್ತಾರೆ. 2025ರ ಜುಲೈನಲ್ಲಿ ಇಲಾಖೆ ಇಂಥವರ ಮೇಲೆ ದೇಶದ 150 ಕಡೆ ಕಾರ್ಯಾಚರಣೆ ಮಾಡಿತು. ಸುಳ್ಳು ಬರೆದವನು ಏಜೆಂಟ್ ಆದರೂ ನೋಟಿಸ್ ಬರೋದು ತಂದೆಯವರ ಹೆಸರಿಗೆ. ಈಗಾಗಲೇ ಅವನಿಗೆ ಪಾಸ್‌ವರ್ಡ್ ಕೊಟ್ಟಿದ್ದರೆ ಇವತ್ತೇ ಬದಲಿಸಿ. ನಿಮ್ಮ ರೀಫಂಡ್ ರೆಡಿ, ಈ ಲಿಂಕ್ ಒತ್ತಿ ಖಾತೆ ಖಚಿತಪಡಿಸಿ ಅಂತ ಮೆಸೇಜ್ ಬಂದರೆ ಒತ್ತಬೇಡಿ ಅಂತ ತಂದೆಯವರಿಗೂ ಹೇಳಿಡಿ. ಹಣಕ್ಕಾಗಿ ಕಾಯುತ್ತಿರುವವರು ಇಂಥ ಮೆಸೇಜ್ ಬೇಗ ನಂಬುತ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಪಾಸ್‌ಬುಕ್ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಇದೆ. ಪ್ಯಾನ್, ಆಧಾರ್ ಜೋಡಣೆ ಆಗಿದೆ. ಖಾತೆ ಅಪ್ಪ ಅಮ್ಮ ಇಬ್ಬರ ಹೆಸರಲ್ಲಿದೆ, ತೊಂದರೆ ಆಗುತ್ತಾ?

ದಾವಣಗೆರೆಯಿಂದ:

ಮೊದಲ ಹೆಸರು ತಂದೆಯವರದೇ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಅವರೊಬ್ಬರದೇ ಹೆಸರಿನ ಬೇರೆ ಉಳಿತಾಯ ಖಾತೆ ಸೇರಿಸಿ. ಬ್ಯಾಂಕಿಗೆ ಹೋಗುವಾಗ ಅಮ್ಮನ ಪ್ಯಾನ್, ಆಧಾರ್ ಕೂಡ ತೆಗೆದುಕೊಂಡು ಹೋಗಿ, ಅವರ ಹೆಸರನ್ನೂ ಅದೇ ಸಲ ಸರಿಮಾಡಿಸಿ.