ಫ್ಲ್ಯಾಟ್ ಟಾಪ್ಸ್‌ನ ಪರಿಚಿತ ಎಲ್ಕ್ ಬೇಟೆಯ ನೆಲವನ್ನು ಬಿಟ್ಟು ಸ್ಯಾನ್ ವಾನ್ ಪರ್ವತಗಳ ಕಡೆಗೆ ಹೋಗಬೇಕೇ?

ಪ್ರಶ್ನೆ (ಕೊಡಗು ಮೂಲ, ಡೆನ್ವರ್ ವಾಸ)

ಎಲ್ಲರಿಗೂ ನಮಸ್ಕಾರ. ನಮ್ಮ ಬೇಟೆ ತಂಡದಲ್ಲಿ ಮೂಡಿರುವ ಒಂದು ಭಿನ್ನಾಭಿಪ್ರಾಯದ ಬಗ್ಗೆ ಅನುಭವಸ್ಥರ ಸಲಹೆ ಬೇಕಾಗಿದೆ.

ನಾನು ಮತ್ತು ಇಬ್ಬರು ಗೆಳೆಯರು ಬಹಳ ವರ್ಷಗಳಿಂದ ಕೊಲೊರಾಡೊದ ವಾಯವ್ಯ ಭಾಗದಲ್ಲಿರುವ ಫ್ಲ್ಯಾಟ್ ಟಾಪ್ಸ್‌ನಲ್ಲಿ, ಟ್ರ್ಯಾಪರ್ಸ್ ಸರೋವರದಿಂದ ಕೆಳಗಿಳಿಯುವ ವೈಟ್ ನದಿಯ ಉತ್ತರ ಕವಲಿನ ಆಸುಪಾಸಿನಲ್ಲಿ ಎಲ್ಕ್ (ಉತ್ತರ ಅಮೆರಿಕದ ದೊಡ್ಡ ಜಾತಿಯ ಜಿಂಕೆ) ಬೇಟೆಯಾಡುತ್ತ ಬಂದಿದ್ದೇವೆ. ಅಕ್ಟೋಬರ್ ಕೊನೆಯಲ್ಲಿ ಆರಂಭವಾಗುವ ಎರಡನೇ ರೈಫಲ್ ಹಂಗಾಮಿಗೆ, ಲಾಟರಿಯಿಲ್ಲದೆ ನೇರವಾಗಿ ಕೊಳ್ಳಬಹುದಾದ ಗಂಡು ಎಲ್ಕ್ ಲೈಸೆನ್ಸ್ ಪಡೆದು, ರಸ್ತೆ ಮುಗಿಯುವಲ್ಲಿ ಡೇರೆ ಹಾಕಿ, ಬೆಳಕು ಹರಿಯುವ ಮೊದಲೇ ಹತ್ತು ಸಾವಿರ ಅಡಿ ಎತ್ತರದ ಸ್ಪ್ರೂಸ್ ಕಾಡಿನ ಅಂಚನ್ನು ತಲುಪುವುದು ನಮ್ಮ ಪದ್ಧತಿ. ಬಂಡೆಗೋಡೆಯ ಬುಡದಲ್ಲಿ ಇಳಿಜಾರು ತುಸು ಸಮತಟ್ಟಾಗುವ ಒಂದು ಜಾಗವಿದೆ. ಅಲ್ಲಿ ನೀರು ಒಸರಿ ಕೆಸರಿನ ಹೊಂಡವಾಗಿದ್ದು, ಬೆದೆಗಾಲದಲ್ಲಿ ಗಂಡು ಎಲ್ಕ್‌ಗಳು ಅದರಲ್ಲಿ ಹೊರಳಾಡಿ ಪಕ್ಕದ ಮರಗಳಿಗೆ ಮೈಯುಜ್ಜಿದ ಗುರುತು ನಾವು ಹೋಗುವ ಹೊತ್ತಿಗೂ ತೊಗಟೆಯ ಮೇಲೆ ಒಣಗಿ ಅಂಟಿಕೊಂಡಿರುತ್ತದೆ. ಗಾಳಿ ನಮ್ಮ ಕಡೆಗೆ ಬೀಸುತ್ತಿದ್ದರೆ, ಕಣ್ಣಿಗೆ ಏನೂ ಕಾಣುವ ಮೊದಲೇ, ಮಲಗಿರುವ ಹಿಂಡಿನ ವಾಸನೆ ದನದ ಕೊಟ್ಟಿಗೆಯ ವಾಸನೆಯಂತೆ ಮೂಗಿಗೆ ಬಡಿಯುತ್ತಿತ್ತು.

ಈಚಿನ ಹಂಗಾಮುಗಳಲ್ಲಿ ಆ ಜಾಗದಲ್ಲಿ ಹಳೆಯ ಹಿಕ್ಕೆಗಳೂ ಹಳೆಯ ಹೆಜ್ಜೆಗಳೂ ಮಾತ್ರ ಸಿಗುತ್ತಿವೆ. 2022-23ರ ಕಠಿಣ ಚಳಿಗಾಲದಲ್ಲಿ ವಾಯವ್ಯ ಕೊಲೊರಾಡೊದಲ್ಲಿ ಹಿಮ ಬಿದ್ದು ಗಟ್ಟಿಯಾಗಿ ಬಹಳಷ್ಟು ಪ್ರಾಣಿಗಳು ಸತ್ತವು, 2023ರ ಹಂಗಾಮಿಗೆ ವನ್ಯಜೀವಿ ಇಲಾಖೆ ಆ ಭಾಗದ ಲೈಸೆನ್ಸ್‌ಗಳನ್ನು ಗಣನೀಯವಾಗಿ ಕಡಿತಗೊಳಿಸಿತು. ಸಾಲದ್ದಕ್ಕೆ 2025ರ ಆಗಸ್ಟ್‌ನಲ್ಲಿ ಮೀಕರ್ ಸಮೀಪದ ಲೀ ಕಾಳ್ಗಿಚ್ಚು ಸುಮಾರು 1,37,000 ಎಕರೆಯನ್ನು ಸುಟ್ಟಿತು. ರಸ್ತೆಯಂಚಿನ ಡೇರೆಗಳ ಸಂಖ್ಯೆಯಂತೂ ಹೆಚ್ಚುತ್ತಲೇ ಇದೆ. ಸಂಜೆ ಊರ ಕಡೆಗೆ ಇಳಿದಾಗ, ಖಾಸಗಿ ರ‍್ಯಾಂಚ್‌ಗಳ ಬೇಲಿಯಾಚೆ, ಹುಲ್ಲು ಕೊಯ್ದ ಗದ್ದೆಗಳಲ್ಲಿ ಹಿಂಡುಹಿಂಡಾಗಿ ಎಲ್ಕ್ ನಿಂತಿರುವುದನ್ನು ನೋಡಿ ಹಿಂದಿರುಗುವುದು ನಮ್ಮ ಪಾಲಿಗೆ ಬಂದಿದೆ.

ರಾಜ್ಯದ ನೈಋತ್ಯ ಭಾಗದ ಡುರಾಂಗೊದಲ್ಲಿರುವ ಪರಿಚಿತರೊಬ್ಬರು ತಮ್ಮ ಕಡೆಯ ಸ್ಯಾನ್ ವಾನ್ ಪರ್ವತಗಳಿಗೆ ಬರುವಂತೆ ಕರೆಯುತ್ತಿದ್ದಾರೆ. ಗೆಳೆಯರಲ್ಲೊಬ್ಬರು ಈ ವರ್ಷವೇ ಹೊರಡೋಣ ಎನ್ನುತ್ತಾರೆ. ಇನ್ನೊಬ್ಬರು, ಇಷ್ಟು ವರ್ಷ ಕೂಡಿಟ್ಟ ತಿಳಿವಳಿಕೆಯನ್ನು ಬಿಟ್ಟು ಹೊಸ ಕಾಡಿನಲ್ಲಿ ಅ ಆ ಇ ಈಯಿಂದ ಕಲಿಯಲು ತಮಗೆ ಈ ವಯಸ್ಸಿನಲ್ಲಿ ಮನಸ್ಸಿಲ್ಲ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮುಂಚಿನ ಕೊಡಗಿನ ಬೇಟೆಯ ಕಥೆಗಳನ್ನು ಕೇಳಿ ಬೆಳೆದ ನನಗೆ ಬೇಟೆಯೆಂದರೆ ತನ್ನ ಊರಿನ ಕಾಡನ್ನು ಬಲ್ಲವನ ಕೆಲಸವೆಂಬ ಭಾವನೆ ಬಲವಾಗಿದೆ, ಹೀಗಾಗಿ ನನ್ನ ಮನಸ್ಸು ಇಲ್ಲೇ ಉಳಿಯುವ ಕಡೆಗೆ ವಾಲುತ್ತದೆ. ಆದರೆ ಭಾವನೆಯೊಂದನ್ನೇ ನಂಬಿ ನಿರ್ಧರಿಸುವುದು ನನಗೆ ಇಷ್ಟವಿಲ್ಲ. ನೀವಾಗಿದ್ದರೆ ಏನನ್ನು ನೋಡಿ ತೀರ್ಮಾನಿಸುತ್ತಿದ್ದಿರಿ?

ಉತ್ತರ (ಗ್ರ್ಯಾಂಡ್ ಜಂಕ್ಷನ್‌ನಿಂದ)

ತಮ್ಮ ಪತ್ರದಲ್ಲಿಯೇ ಅರ್ಧ ಉತ್ತರವಿದೆ ಎಂದು ನನಗೆ ಅನಿಸುತ್ತದೆ. ಸಂಜೆ ಬೇಲಿಯಾಚೆ ಹಿಂಡುಗಳನ್ನು ಕಂಡಿರುವುದಾಗಿ ತಾವೇ ಬರೆದಿದ್ದೀರಿ. ಅಂದರೆ ಎಲ್ಕ್‌ಗಳು ಆ ಸೀಮೆಯನ್ನು ಬಿಟ್ಟು ಹೋಗಿಲ್ಲ, ತಾವು ಕಾಯುತ್ತಿರುವ ಎತ್ತರವನ್ನು, ತಾವು ಕಾಯುತ್ತಿರುವ ವಾರದಲ್ಲಿ ಬಿಟ್ಟಿವೆ. ಪ್ರಾಣಿಯೇ ಕಡಿಮೆಯಾಗಿರುವುದು ಬೇರೆ, ಪ್ರಾಣಿ ಜಾಗ ಬದಲಿಸಿರುವುದು ಬೇರೆ. ಮೊದಲನೆಯದಾದರೆ ಬೇರೆ ಕಡೆ ಹೋಗುವುದು ಸರಿ, ಎರಡನೆಯದಾದರೆ ಮುನ್ನೂರು ಮೈಲಿ ದೂರದ ಪರ್ವತಕ್ಕೆ ಹೋಗುವ ಬದಲು ಇದ್ದಲ್ಲಿಯೇ ಕೆಲವು ಮೈಲಿ ಸರಿದರೆ ಸಾಕು.

ವೈಟ್ ನದಿಯ ಹಿಂಡು ಕೊಲೊರಾಡೊದ ಎಲ್ಕ್ ಹಿಂಡುಗಳಲ್ಲೇ ಅತ್ಯಂತ ದೊಡ್ಡದು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಪೂರ್ತಿ ಬಿಲ್ಲು ಬೇಟೆಗಾರರು, ಅವರ ಮಧ್ಯೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯವರು, ಅಕ್ಟೋಬರ್ ಮಧ್ಯದಲ್ಲಿ ಮೊದಲ ರೈಫಲ್ ಹಂಗಾಮಿನವರು, ಹೀಗೆ ಒಂದರ ಹಿಂದೊಂದು ಅಲೆಯಾಗಿ ಜನ ಕಾಡು ಹೊಕ್ಕ ಮೇಲೆ ತಮ್ಮ ಸರದಿ ಬರುತ್ತದೆ. ಅಷ್ಟು ಹೊತ್ತಿಗೆ ಅನುಭವಿ ಹೆಣ್ಣು ಎಲ್ಕ್‌ಗಳು ತಮ್ಮ ಗುಂಪನ್ನು ಕರೆದುಕೊಂಡು, ಗುಂಡಿನ ಸದ್ದಿಲ್ಲದ ಖಾಸಗಿ ಜಮೀನಿಗೆ ಇಳಿದಿರುತ್ತವೆ. ಹಿಮ ಬೀಳಲಿ ಬಿಡಲಿ, ಈ ವಲಸೆ ಈಗ ಜನರ ಒತ್ತಡದಿಂದಲೇ ನಡೆಯುತ್ತದೆ. ದೊಡ್ಡ ಗಂಡುಗಳು ಮಾತ್ರ ಬೆದೆ ಮುಗಿದು ಸುಸ್ತಾಗಿ, ಗುಂಪಿನಿಂದ ಬೇರೆಯಾಗಿ, ಮನುಷ್ಯರು ಹೋಗಲು ಹಿಂಜರಿಯುವ ಉತ್ತರ ಮುಖದ ದಟ್ಟ ಕಾಡಿನಲ್ಲಿ, ಹುಲ್ಲೂ ನೀರೂ ಹತ್ತಿರದಲ್ಲೇ ಇರುವ ಸಣ್ಣ ಜಾಗವೊಂದನ್ನು ಹಿಡಿದು ಕೂತಿರುತ್ತವೆ. ಅಂಥ ಜಾಗಗಳು ದಾರಿಯಿಂದ ಬಹಳ ದೂರವೇ ಇರಬೇಕೆಂದಿಲ್ಲ. ಬಿದ್ದ ಮರಗಳ ರಾಶಿಯ ಹಿಂದೆ, ಎರಡು ಕಾಲುದಾರಿಗಳ ನಡುವೆ ಯಾರೂ ಕಣ್ಣು ಹಾಯಿಸದ ಕಡಿದಾದ ಕೊರಕಲಿನಲ್ಲಿಯೂ ಅವು ಇರುತ್ತವೆ.

ಇನ್ನೊಂದು ಕಾರಣವನ್ನೂ ಗಮನಿಸಬೇಕು. 2025ರಿಂದ ಅಂತರರಾಜ್ಯ ಹೆದ್ದಾರಿ 25ರ ಪಶ್ಚಿಮಕ್ಕೆ, ಹೊರರಾಜ್ಯದವರಿಗೆ ಬಿಲ್ಲು ಬೇಟೆಯ ಎಲ್ಕ್ ಲೈಸೆನ್ಸ್ ನೇರವಾಗಿ ಸಿಗುವುದಿಲ್ಲ, ಲಾಟರಿಯಲ್ಲಿಯೇ ಪಡೆಯಬೇಕು. ಸೆಪ್ಟೆಂಬರ್‌ನ ಒತ್ತಡ ಇದರಿಂದ ತಗ್ಗಿದರೆ ಎಲ್ಕ್‌ಗಳು ಸರ್ಕಾರಿ ಕಾಡಿನಲ್ಲಿ ಇನ್ನಷ್ಟು ದಿನ ಉಳಿಯುವ ಸಾಧ್ಯತೆಯಿದೆ. ಈ ಬದಲಾವಣೆಯ ಫಲ ಕಾಣುವ ಮೊದಲೇ ಜಾಗ ಬಿಡುವುದು ನನ್ನ ಮಟ್ಟಿಗೆ ಆತುರದ ನಿರ್ಧಾರ.

ಕಾಳ್ಗಿಚ್ಚಿನ ವಿಷಯ. ಲೀ ಬೆಂಕಿ ಸುಟ್ಟಿರುವುದು ಹೆಚ್ಚಾಗಿ ತಗ್ಗಿನ ಜೂನಿಪರ್, ಓಕ್ ಪೊದೆ ಮತ್ತು ಸೇಜ್‌ಬ್ರಷ್ ಪ್ರದೇಶವನ್ನು, ಅಂದರೆ ಚಳಿಗಾಲದ ಮೇವಿನ ನೆಲವನ್ನು. ಎತ್ತರದ ಆಸ್ಪೆನ್ ಕಾಡು ಸುಟ್ಟರೆ ಬೇರಿನಿಂದ ಚಿಗುರೊಡೆದು ಎರಡು ಮೂರು ವರ್ಷಗಳಲ್ಲಿ ಎಲ್ಕ್‌ಗಳಿಗೆ ಹಬ್ಬವೇ ಆಗುತ್ತದೆ. ಆದರೆ ತಗ್ಗಿನ ಒಣ ಭೂಮಿ ಸುಟ್ಟಲ್ಲಿ ಚೀಟ್‌ಗ್ರಾಸ್ ಎಂಬ ಪರದೇಶಿ ಕಳೆಹುಲ್ಲು ಆವರಿಸಿಕೊಳ್ಳುವ ಭಯವಿದೆ. ಆದ್ದರಿಂದ ನವೆಂಬರ್‌ನಲ್ಲಿ ಹಿಂಡುಗಳು ಇಳಿಯುವ ಹಾದಿ ಮುಂದಿನ ಕೆಲವು ವರ್ಷ ಹಿಂದಿನಂತೆ ಇರಲಾರದು, ಅದನ್ನು ಹೊಸದಾಗಿಯೇ ಕಲಿಯಬೇಕು. ಆ ಸೀಮೆ ಇದಕ್ಕಿಂತ ದೊಡ್ಡ ಬದಲಾವಣೆಗಳನ್ನು ಕಂಡಿದೆ. 1939ರ ಬಿರುಗಾಳಿಗೆ ಉರುಳಿದ ಮರಗಳಲ್ಲಿ ತೊಗಟೆ ಹುಳು ಬೆಳೆದು 1940ರ ದಶಕದಲ್ಲಿ ಫ್ಲ್ಯಾಟ್ ಟಾಪ್ಸ್‌ನ ಸ್ಪ್ರೂಸ್ ಕಾಡು ಬಹುಪಾಲು ಒಣಗಿತು. 2002ರಲ್ಲಿ ಬಿಗ್ ಫಿಶ್ ಬೆಂಕಿ ಟ್ರ್ಯಾಪರ್ಸ್ ಸರೋವರದ ಸುತ್ತಲನ್ನೇ ಸುಟ್ಟಿತು. ತಾವು ಬೇಟೆಯಾಡಿದ ಹುಲ್ಲುಗಾವಲುಗಳಲ್ಲಿ ಕೆಲವಾದರೂ ಆ ಬೆಂಕಿಯಿಂದಲೇ ಆದವು.

ನನ್ನ ಸಲಹೆ ಇಷ್ಟು: ಲೈಸೆನ್ಸನ್ನು ನವೆಂಬರ್‌ನ ಮೂರನೇ ಹಂಗಾಮಿಗೆ ಬದಲಿಸಿ, ಡೇರೆಯನ್ನು ಓಕ್ ಪೊದೆಗಳ ಎತ್ತರಕ್ಕೆ ಇಳಿಸಿ, ಖಾಸಗಿ ಜಮೀನಿಗೆ ತಾಗಿದ ಸರ್ಕಾರಿ ಭೂಮಿಯ ತುಂಡುಗಳನ್ನು ನಕ್ಷೆಯಲ್ಲಿ ಹುಡುಕಿ. ರಾತ್ರಿ ಗದ್ದೆಯಲ್ಲಿ ಮೇಯ್ದ ಹಿಂಡು ಹಗಲು ಮಲಗಲು ಎಲ್ಲಿಗೆ ಹತ್ತುತ್ತದೆ ಎಂಬುದು ಗೊತ್ತಾದರೆ, ಗಡಿರೇಖೆಯ ಈಚೆಯೇ ಅವಕಾಶ ಸಿಗಬಹುದು. ಗಡಿ ದಾಟಿ ಬಿದ್ದ ಪ್ರಾಣಿಯನ್ನು ತರಲು ಮಾಲೀಕರ ಅನುಮತಿ ಬೇಕು, ಆದ್ದರಿಂದ ಹಂಗಾಮಿಗೆ ಮೊದಲೇ ಅವರನ್ನು ಕಂಡು ಮಾತನಾಡಿಸಿ.

ಉತ್ತರ (ಡುರಾಂಗೊ ಸಮೀಪದಿಂದ)

ಮೇಲಿನ ಹಿರಿಯರ ವಿಶ್ಲೇಷಣೆಯನ್ನು ಗೌರವದಿಂದ ಒಪ್ಪುತ್ತಲೇ ಒಂದು ಮಾತನ್ನು ಬೇರೆಯಾಗಿ ಹೇಳುತ್ತೇನೆ. ಹೊಸ ನೆಲ ಬೇಡ ಎಂದು ನಾನು ಹೇಳುವುದಿಲ್ಲ, ಆದರೆ ಎಲ್ಕ್ ಹೆಚ್ಚು ಸಿಗುತ್ತದೆ ಎಂಬ ಲೆಕ್ಕದಲ್ಲಿ ನಮ್ಮ ಕಡೆಗೆ ಬರಬೇಡಿ. ನೈಋತ್ಯ ಕೊಲೊರಾಡೊದ ಹಿಂಡುಗಳಲ್ಲಿ ಬದುಕುಳಿಯುವ ಮರಿಗಳ ಪ್ರಮಾಣ ಬಹಳ ಕಾಲದಿಂದ ಚಿಂತೆಗೆ ಕಾರಣವಾಗಿದ್ದು, ಇಲಾಖೆ ಮರಿಗಳ ಕುತ್ತಿಗೆಗೆ ಚಲನವಲನ ತಿಳಿಸುವ ಕಾಲರ್ ಹಾಕಿ ಅಧ್ಯಯನ ನಡೆಸಿದೆ. ಇಲ್ಲಿಯೂ ಜನಸಂದಣಿ ಕಡಿಮೆಯೇನಿಲ್ಲ.

ನೆಲದ ಸ್ವರೂಪವೇ ಬೇರೆ. ಫ್ಲ್ಯಾಟ್ ಟಾಪ್ಸ್‌ನಲ್ಲಿ ಒಮ್ಮೆ ಮೇಲೇರಿದರೆ ಮೈಲಿಗಟ್ಟಲೆ ಸಮತಟ್ಟು ಸಿಗುತ್ತದೆ. ಕೊಲೊರಾಡೊದ ಅತಿ ದೊಡ್ಡ ವನ್ಯಪ್ರದೇಶವಾದ ವೆಮಿನೂಚ್‌ನಲ್ಲಿ ಅಂಥ ಸಮತಟ್ಟನ್ನು ನಿರೀಕ್ಷಿಸಬೇಡಿ, ಇಲ್ಲಿ ಹತ್ತಿದಷ್ಟೂ ಇಳಿಯಬೇಕು, ಇಳಿದಷ್ಟೂ ಹತ್ತಬೇಕು. ವುಲ್ಫ್ ಕ್ರೀಕ್ ಕಣಿವೆದಾರಿಯ ಸುತ್ತಮುತ್ತ ತೊಗಟೆ ಹುಳುವಿನಿಂದ ಸತ್ತ ಸ್ಪ್ರೂಸ್ ಮರಗಳು ಈಗ ಒಂದೊಂದಾಗಿ ಉರುಳುತ್ತಿವೆ. ಎದೆಯೆತ್ತರದ ದಿಮ್ಮಿಗಳನ್ನು ದಾಟುತ್ತ ಒಂದು ಗಂಟೆಯಲ್ಲಿ ಅರ್ಧ ಮೈಲಿಯನ್ನೂ ಕ್ರಮಿಸಲಾಗದ ಜಾಗಗಳಿವೆ. ಗಾಳಿಯ ದಿನ ಅಂಥ ಕಾಡಿನಲ್ಲಿ ಡೇರೆ ಹಾಕುವುದು ಜೀವಕ್ಕೇ ಅಪಾಯ. 2013ರ ವೆಸ್ಟ್ ಫೋರ್ಕ್ ಬೆಂಕಿ ಸುಮಾರು 1,10,000 ಎಕರೆ ಸುಟ್ಟ ನೆಲದಲ್ಲಿ ಹುಲ್ಲು ಚೆನ್ನಾಗಿದೆ, ಎಲ್ಕ್ ಮೇಯಲು ಬರುತ್ತವೆ, ಆದರೆ ಅಲ್ಲಿ ನಿಂತಿರುವ ಸುಟ್ಟ ಮರಗಳೂ ಬೀಳುವ ಸ್ಥಿತಿಯಲ್ಲಿಯೇ ಇವೆ.

ಹೀಗಿದ್ದೂ ನಾನು ಹೊಸ ನೆಲದ ಪರವಾಗಿ ಮಾತನಾಡುವುದಕ್ಕೆ ಕಾರಣವಿದೆ. ಒಂದೇ ಕಣಿವೆಯನ್ನು ಬಹಳ ವರ್ಷ ನೋಡಿದವರು ಕ್ರಮೇಣ ಎಲ್ಕನ್ನು ಹುಡುಕುವುದನ್ನು ಬಿಟ್ಟು, ಹಿಂದೆ ಎಲ್ಕ್ ಸಿಕ್ಕ ಜಾಗವನ್ನು ಕಾಯತೊಡಗುತ್ತಾರೆ. ತಾವು ವಿವರಿಸಿದ ಕೆಸರಿನ ಹೊಂಡವನ್ನು ಓದಿದಾಗ ನನಗೆ ಅದೇ ನೆನಪಾಯಿತು. ಅದು ಸೆಪ್ಟೆಂಬರ್‌ನ ಜಾಗ, ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಗಂಡು ಎಲ್ಕ್‌ಗೆ ಕೆಲಸವಿಲ್ಲ. ಹೊಸ ಕಾಡಿನಲ್ಲಿ ನೆನಪುಗಳಿಲ್ಲದ ಕಾರಣ ಗಾಳಿ, ನೆರಳು, ಮೇವು, ನೀರು ಇವುಗಳನ್ನು ಮಾತ್ರ ನಂಬಿ ನಡೆಯಬೇಕಾಗುತ್ತದೆ. ಬೆಳಿಗ್ಗೆ ತಂಪು ಗಾಳಿ ಕಣಿವೆಗೆ ಇಳಿಯುವುದು, ಬಿಸಿಲೇರಿದಂತೆ ಮೇಲಕ್ಕೆ ಹತ್ತುವುದು, ಎರಡರ ನಡುವೆ ಅದು ಗೊಂದಲದಲ್ಲಿ ಸುಳಿಯುವ ಆ ಅರ್ಧ ಗಂಟೆ, ಇವೆಲ್ಲ ಎಲ್ಲ ಪರ್ವತದಲ್ಲೂ ಒಂದೇ. ತಮ್ಮ ಗೆಳೆಯರು ಅ ಆ ಇ ಈಯಿಂದ ಕಲಿಯಬೇಕಾದ ಪ್ರಮೇಯ ಇಲ್ಲ.

ಬರುವುದಾದರೆ ಜುಲೈ ತಿಂಗಳಲ್ಲಿ ಕೋವಿಯಿಲ್ಲದೆ, ದುರ್ಬೀನು ಮಾತ್ರ ಹಿಡಿದು ಬನ್ನಿ. ಮರಗಳ ಎಲ್ಲೆಯ ಮೇಲಿನ ಹುಲ್ಲುಗಾವಲುಗಳಲ್ಲಿ ಮರಿಗಳೊಂದಿಗೆ ಹಿಂಡುಗಳು ಬೆಳಗ್ಗೆ ಸಂಜೆ ಬಯಲಿಗೆ ಬರುತ್ತವೆ. ಬೇಸಿಗೆಯಲ್ಲಿ ಕಂಡ ಜಾಗದಲ್ಲಿಯೇ ಅಕ್ಟೋಬರ್‌ನಲ್ಲಿಯೂ ಇರುತ್ತವೆಂದು ತಿಳಿಯದೆ, ಅಲ್ಲಿಂದ ಇಳಿಯುವ ಹಾದಿಗಳನ್ನು, ಕೊಳಗಳನ್ನು, ದಟ್ಟ ಕಾಡಿನ ಪಟ್ಟಿಗಳನ್ನು ಗುರುತು ಹಾಕಿಕೊಳ್ಳಿ. ಹೊಸ ನೆಲ ಕೈಹಿಡಿಯಲು ಮೂರು ನಾಲ್ಕು ಹಂಗಾಮಾದರೂ ಬೇಕು. ಅಷ್ಟು ತಾಳ್ಮೆಯಿಲ್ಲದಿದ್ದರೆ ಬರುವುದು ಬೇಡ.

ಉತ್ತರ (ವಯೋಮಿಂಗ್‌ನ ಲ್ಯಾರಮಿಯಿಂದ)

ಒಂದೆರಡು ಮಾತು ಮಾತ್ರ. ತಮ್ಮ ಗೆಳೆಯರು ವಯಸ್ಸಿನ ಪ್ರಸ್ತಾಪ ಮಾಡಿದ್ದಾರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳೆದ ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಮೂಳೆ ಬಿಡಿಸಿದ ಮಾಂಸವೇ 90 ಕಿಲೋ ಆಸುಪಾಸು ಆಗುತ್ತದೆ, ಅದನ್ನು ಬೆನ್ನ ಮೇಲೆ ಹೊತ್ತು ತರಲು ಹಲವು ಸುತ್ತು ನಡೆಯಬೇಕು. ಪರಿಚಿತ ನೆಲದಲ್ಲಿ ರಾತ್ರಿ ಟಾರ್ಚ್ ಬೆಳಕಿನಲ್ಲಿಯೂ ಹೆಜ್ಜೆ ತಪ್ಪುವುದಿಲ್ಲ. ಹೊಸ ನೆಲದಲ್ಲಿ ಈಡು ಹೊಡೆಯುವ ಮುನ್ನವೇ, ಈ ಪ್ರಾಣಿ ಇಲ್ಲಿ ಬಿದ್ದರೆ ಕೆಡದಂತೆ ಹೊರಗೆ ತರುವ ಹಾದಿ ಯಾವುದು ಎಂದು ಕೇಳಿಕೊಳ್ಳಬೇಕು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಡುವುದು ಕಾನೂನಿನ ಪ್ರಕಾರವೂ ಅಪರಾಧ, ಕೊಂದ ಪ್ರಾಣಿಗೆ ಮಾಡುವ ಅಗೌರವವೂ ಹೌದು.

ರಾಜ್ಯವನ್ನೇ ಬದಲಿಸುವ ಯೋಚನೆ ಮುಂದೆ ಬಂದರೆ ಒಂದು ವಿಷಯ ತಿಳಿದಿರಲಿ. ವಯೋಮಿಂಗ್‌ನ ಘೋಷಿತ ವನ್ಯಪ್ರದೇಶಗಳಲ್ಲಿ ಹೊರರಾಜ್ಯದವರು ಮಾರ್ಗದರ್ಶಿಯಿಲ್ಲದೆ ಎಲ್ಕ್ ಬೇಟೆಯಾಡುವಂತಿಲ್ಲ. ವೃತ್ತಿಪರರೇ ಆಗಬೇಕೆಂದಿಲ್ಲ, ಇಲ್ಲಿನ ನಿವಾಸಿಯೊಬ್ಬರು ಸಂಭಾವನೆ ಪಡೆಯದೆ ಜೊತೆಗೆ ಬರುವುದಕ್ಕೂ ರಾಜ್ಯ ಪರವಾನಗಿ ಕೊಡುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಸರಿನ ಹೊಂಡ ಸೆಪ್ಟೆಂಬರ್‌ನ ಜಾಗ ಎಂಬ ಮಾತನ್ನು ಗೆಳೆಯರಿಗೆ ಓದಿ ಹೇಳಿದೆ, ಇಬ್ಬರೂ ಒಪ್ಪಿದರು. ಈ ವರ್ಷ ನಾವು ಮೂರನೇ ಹಂಗಾಮಿಗೆ ಲೈಸೆನ್ಸ್ ತೆಗೆದುಕೊಂಡು, ಅದೇ ಸೀಮೆಯ ಓಕ್ ಪೊದೆಗಳ ಎತ್ತರದಲ್ಲಿ ಡೇರೆ ಹಾಕಲು ನಿರ್ಧರಿಸಿದ್ದೇವೆ. ಹೊಸ ನೆಲದ ಆಸೆಯಿರುವ ಗೆಳೆಯರು ಜುಲೈನಲ್ಲಿ ಡುರಾಂಗೊ ಕಡೆಗೆ ಹೋಗಿ ನೋಡಿ ಬರುತ್ತಾರೆ, ನಾನೂ ಜೊತೆಗೆ ಹೋಗುವ ಮನಸ್ಸು ಮಾಡಿದ್ದೇನೆ. ಇಲಾಖೆ ಪ್ರಕಟಿಸುವ ಬೇಟೆಯ ಅಂಕಿ ಅಂಶಗಳಿಂದ ಎರಡು ಸೀಮೆಗಳನ್ನು ಹೋಲಿಸುವಾಗ ಏನನ್ನು ಮುಖ್ಯವಾಗಿ ನೋಡಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಗ್ರ್ಯಾಂಡ್ ಜಂಕ್ಷನ್‌ನಿಂದ)

ಶೇಕಡಾವಾರು ಯಶಸ್ಸನ್ನು ಮಾತ್ರ ನೋಡಬೇಡಿ. ಆ ಅಂಕಿಯಲ್ಲಿ ಖಾಸಗಿ ಜಮೀನಿನಲ್ಲಿ ಹೊಡೆದವರೂ ಸೇರಿರುವುದರಿಂದ ಸರ್ಕಾರಿ ಕಾಡಿನ ನಿಜಸ್ಥಿತಿ ಮರೆಯಾಗುತ್ತದೆ. ಇಲಾಖೆ ಬೇಟೆಗೆಂದು ವಿಂಗಡಿಸಿರುವ ಪ್ರತಿ ಘಟಕದಲ್ಲಿ, ತಮ್ಮದೇ ಹಂಗಾಮಿನಲ್ಲಿ ಎಷ್ಟು ಬೇಟೆಗಾರರಿದ್ದರು ಎಂಬುದನ್ನು ಆ ಘಟಕದ ಸರ್ಕಾರಿ ಭೂಮಿಯ ವಿಸ್ತಾರದ ಜೊತೆ ಇಟ್ಟು ನೋಡಿ. ಒಂದೇ ವರ್ಷದ ಅಂಕಿಯನ್ನು ನಂಬದೆ ಐದಾರು ವರ್ಷಗಳದ್ದನ್ನು ಸಾಲಾಗಿ ಬರೆದುಕೊಳ್ಳಿ, ಅದರಲ್ಲಿ ವಾಯವ್ಯ ಭಾಗದ 2023ರ ಅಂಕಿಯನ್ನು ಲೈಸೆನ್ಸ್ ಕಡಿತದ ಕಾರಣದಿಂದ ಪ್ರತ್ಯೇಕವಾಗಿಡಿ. ಹಂಗಾಮಿನ ನಂತರದ ಹಿಂಡಿನ ಅಂದಾಜಿನಲ್ಲಿ ನೂರು ಹೆಣ್ಣುಗಳಿಗೆ ಎಷ್ಟು ಗಂಡುಗಳಿವೆ ಎಂಬ ಲೆಕ್ಕವೂ ಸಿಗುತ್ತದೆ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಲಾಟರಿಯ ಅರ್ಜಿಗೆ ಏಪ್ರಿಲ್ ಆರಂಭವೇ ಗಡುವು. ಈ ವರ್ಷ ನೇರ ಲೈಸೆನ್ಸಿನಲ್ಲೇ ಹೋಗುವುದಾದರೂ ಆದ್ಯತೆಯ ಅಂಕವೊಂದನ್ನು ಪಡೆದಿಟ್ಟರೆ, ಡುರಾಂಗೊ ಕಡೆಯ ನೆಲ ಮನಸ್ಸಿಗೆ ಬಂದಲ್ಲಿ ಅಲ್ಲಿನ ಲಾಟರಿ ಹಂಗಾಮಿಗೆ ಅರ್ಜಿ ಹಾಕುವಾಗ ಅನುಕೂಲವಾಗುತ್ತದೆ.